ಬ್ಯಾಡ್ಜ್ ಬಿಚ್ಚಿದ ನೀಲಿ ಜಾಕೆಟ್

ನನ್ನ ಅತ್ತೆ ಯಾವ ಗಂಡಸಿನ ಹತ್ತಿರವೂ ಅಳತೆ ಕೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರಂತೆ. ಬೇಕೆಂದು ಹೇಳುವ ಸುಳ್ಳಲ್ಲ ಅದು. ಕೆಲಸ ಇದ್ದಾಗ ಯಾವ ಅಳತೆ ಇತ್ತೋ ಅದನ್ನೇ ಹೇಳಿಬಿಡುತ್ತಾರೆ. ಬಾಯಲ್ಲಿ ಸೊಂಟ ಮೂವತ್ತಾರು, ಬೆಲ್ಟ್ ನೋಡಿದರೆ ಮೊಳೆಯಲ್ಲಿ ಹೊಡೆದ ಹೊಸ ತೂತುಗಳು ಎರಡು. ಮೊದಲು ಬಕಲ್ ಕೂರುತ್ತಿದ್ದ ಜಾಗದಲ್ಲಿ ಒತ್ತಿದ ಗುರುತು ಮಾತ್ರ ಉಳಿದಿರುತ್ತದೆ.

ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದ್ದಾಳೆ. ಗೋಡೆಯ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದಾಳೆ. ಒಳಗೆ ಹಳೇ ಪೇಪರ್ ಬಿಟ್ಟರೆ ಏನೂ ಇಲ್ಲ. ಬಂದವರು ಹೊಸ್ತಿಲ ಹೊರಗೇ ನಿಂತು, ಒಳಗೆ ಕಾಲಿಡಲೋ ವಾಪಸ್ ಹೋಗಲೋ ಎಂದು ಬೀದಿ ನೋಡುತ್ತಿರುವಾಗ ಅತ್ತೆ ತಲೆ ಎತ್ತದೆ ಕೇಳುತ್ತಾಳೆ.

"ಸ್ವಲ್ಪ ಆ ಪೆಟ್ಟಿಗೆ ಇಳಿಸಿ ಕೊಡ್ತೀರಾ? ನಂಗೆ ಎಟುಕ್ತಿಲ್ಲ."

ಸಹಾಯ ಕೇಳಲು ಬಂದವರಿಗೇ ಸಹಾಯ ಕೇಳಿದರೆ ಒಳಗೆ ಬರದೆ ಏನು ಮಾಡುತ್ತಾರೆ? ಬರುತ್ತಾರೆ. ಕೈ ಎತ್ತುತ್ತಾರೆ. ಕೈ ಎತ್ತಿದ ಆ ಎರಡು ಗಳಿಗೆಯಲ್ಲಿ ಭುಜ ಎಷ್ಟು, ತೋಳು ಎಷ್ಟು, ಹೊಟ್ಟೆ ಎಷ್ಟು ಒಳಗೆ ಹೋಗಿದೆ ಎಲ್ಲ ಅತ್ತೆಗೆ ಸಿಕ್ಕಿಬಿಡುತ್ತದೆ. ಸಂಜೆ ಬಾಗಿಲು ಹಾಕುವ ಮುಂಚೆ ನಾವು ಸ್ಟೂಲ್ ಹಾಕಿಕೊಂಡು ಪೆಟ್ಟಿಗೆಯನ್ನು ಮತ್ತೆ ಮೇಲಿಡುತ್ತೇವೆ.

ಲಾಂಡ್ರಿ ಅಂಗಡಿಯ ಹಿಂದಿರುವ ಈ ಕೋಣೆಯಲ್ಲಿ ನಡೆಯುವುದು ಇಷ್ಟೇ. ಕೆಲಸ ಹೋದ ಗಂಡಸರಿಗೆ ಮತ್ತೆ ಕೆಲಸಕ್ಕೆ ಹೋಗಲು ಬಟ್ಟೆ ಕೊಡುವುದು. ಜನ ತಂದುಕೊಡುತ್ತಾರೆ. ರಿಟೈರ್ ಆದವರ ಕೋಟು, ದಪ್ಪಗಾದವರ ಪ್ಯಾಂಟು, ಮುಚ್ಚಿಹೋದ ಹೋಟೆಲಿನ ಅಡುಗೆಯವರ ಬಿಳಿ ಅಂಗಿಗಳು, ಅಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದ ಬೂಟುಗಳು. ಎಡಗಡೆ ಕಂಬಿಯಲ್ಲಿ ಆಫೀಸಿನ ಬಟ್ಟೆ, ಬಲಗಡೆ ಫ್ಯಾಕ್ಟರಿಯ ಬಟ್ಟೆ, ನಡುವೆ ಒಂದು ಕನ್ನಡಿ ಮತ್ತು ಅತ್ತೆಯ ಹೊಲಿಗೆ ಮಿಷನ್. ಅದರ ಮುಂದೆ ಒಂದು ಕುರ್ಚಿ ಇದೆ, ಸುಮ್ಮನೆ. ಅತ್ತೆ ನಿಂತೇ ಹೊಲಿಯುತ್ತಾಳೆ. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಕಾಲು ಎಲ್ಲಿಗೋ ಹೊರಟ ಹಾಗೆ.

"ನಿಮ್ಮತ್ತೆ ಕೂತಿದ್ದನ್ನ ನಾನು ನೋಡಿದ್ದು ಮದುವೆ ಫೋಟೋದಲ್ಲಿ ಮಾತ್ರ" ಎನ್ನುತ್ತಾರೆ ಮಾವ. "ಅದ್ರಲ್ಲೂ ಅಲ್ಲಾಡಿಬಿಟ್ಟವ್ಳೆ, ಮುಖ ಸರಿಯಾಗಿ ಬಂದಿಲ್ಲ."

ಹತ್ತೊಂಬತ್ತನೇ ವಯಸ್ಸಿಗೆ ಅತ್ತೆ ಯೂನಿಫಾರ್ಮ್ ಹೊಲಿಯುವ ಫ್ಯಾಕ್ಟರಿ ಸೇರಿದಳು. ಇಪ್ಪತ್ನಾಲ್ಕು ವರ್ಷ ಹೊಲಿದದ್ದು ಬರೀ ಕಾಲರ್. ತೋಳು ಬೇರೆಯವರದು, ಗುಂಡಿ ಬೇರೆಯವರದು. ತಾನು ಹೊಲಿದ ಒಂದು ಪೂರ್ತಿ ಅಂಗಿಯನ್ನು ಅವಳು ಅಲ್ಲಿ ಕಂಡೇ ಇಲ್ಲ. ಆ ಫ್ಯಾಕ್ಟರಿ ಬಾಗಿಲು ಹಾಕಿದ ವರ್ಷವೇ ಡ್ರೈವರ್ ಆಗಿದ್ದ ಮಾವನ ಕೆಲಸವೂ ಹೋಯಿತು. ಎಂಟು ತಿಂಗಳ ಮೇಲೆ ಒಂದು ಶಾಲೆಯ ವ್ಯಾನ್ ಓಡಿಸಲು ಕರೆದರು. ಹೊರಡುವ ಬೆಳಗ್ಗೆ ನೋಡಿದರೆ ಮಾವನ ಒಂದೇ ಒಳ್ಳೆಯ ಅಂಗಿಯ ಕಾಲರ್ ಪೂರ್ತಿ ಸವೆದು ಎಳೆ ಎದ್ದಿತ್ತು. ಊರಿಗೆಲ್ಲ ಕಾಲರ್ ಹೊಲಿದವಳ ಗಂಡನ ಕಾಲರ್. ಅತ್ತೆ ಅದನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಬರುವ ಹಾಗೆ ತಿರುಗಿಸಿ, ಇಪ್ಪತ್ತು ನಿಮಿಷದಲ್ಲಿ ಹೊಲಿದುಕೊಟ್ಟಳು. ಮಾವನಿಗೆ ಕೆಲಸ ಸಿಕ್ಕಿತು. ಮಾರನೇ ವಾರ ಪಕ್ಕದ ಮನೆಯವರು ತಮ್ಮನ ಅಂಗಿ ಹಿಡಿದು ಬಂದರು, ಆಮೇಲೆ ಅವರ ಸ್ನೇಹಿತರು. ಕೋಣೆ ಶುರುವಾಗಿದ್ದು ಹಾಗೆ.

ಈಗ ಆಯ್ತಪ್ಪನವರ ವಿಷಯಕ್ಕೆ ಬರುತ್ತೇನೆ.

ಅದು ಅವರ ಹೆಸರಲ್ಲ, ನಾವಿಟ್ಟಿದ್ದು. ಏನು ಹೇಳಿದರೂ "ಆಯ್ತು" ಅನ್ನುತ್ತಿದ್ದರು. ಪೆಟ್ಟಿಗೆ ಇಳಿಸಿ ಅಂದರೆ ಆಯ್ತು. ಇಲ್ಲಿ ಇಡಬೇಡಿ, ಅಲ್ಲಿ ಇಡಿ ಅಂದರೆ ಆಯ್ತು. ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಫಿಟ್ಟರ್ ಆಗಿದ್ದವರು. ಮಿಷನ್ ಬಿಚ್ಚುವುದು, ಕೆಟ್ಟದ್ದನ್ನು ತೆಗೆಯುವುದು, ಜೋಡಿಸುವುದು. ಕೆಲಸ ಹೋಗಿ ಹನ್ನೊಂದು ತಿಂಗಳು. ಅವರ ಹೆಂಡತಿ ಒಮ್ಮೆ ಬಂದವರು ನಗುತ್ತಾ ಹೇಳಿದ್ದರು. "ನಮ್ಮ ಬೀದೀಲಿ ಕಿರ್ ಅನ್ನೋ ಬಾಗಿಲೇ ಉಳಿದಿಲ್ಲಮ್ಮ. ಎಲ್ಲಾರ ಮನೆ ನಲ್ಲಿ, ಎಲ್ಲಾರ ಸೈಕಲ್ಲು ರಿಪೇರಿ ಆಗೋಯ್ತು. ಈಗ ಸರಿಯಾಗಿರೋದನ್ನೂ ಬಿಚ್ತಾ ಇದಾರೆ."

ಸೋಪಿನ ಫ್ಯಾಕ್ಟರಿಯೊಂದರಿಂದ ಅವರಿಗೆ ಪತ್ರ ಬಂದಿತ್ತು. ಫಿಟ್ಟರ್ ಬೇಕು, ಬೆಳಗ್ಗೆ ಹತ್ತಕ್ಕೆ ಬನ್ನಿ, ಕೈಕೆಲಸದ ಟೆಸ್ಟ್ ಇರುತ್ತದೆ. ನಲವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಕೆಳಗೆ ಒಂದು ಸಾಲು. ಆಯ್ತಪ್ಪನವರಿಗೆ ಮುಂದಿನ ತಿಂಗಳು ನಲವತ್ತೈದು ತುಂಬುವುದಿತ್ತು. ಹನ್ನೊಂದು ತಿಂಗಳಲ್ಲಿ ಇದೇ ಮೊದಲ ಪತ್ರ, ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯದು.

ಟೆಸ್ಟಿನ ದಿನ ಬೆಳಗ್ಗೆ ಎಂಟಕ್ಕೆ ಬಂದರು. ಅತ್ತೆ ಬಲಗಡೆ ಕಂಬಿಯಿಂದ ಒಂದು ನೀಲಿ ಜಾಕೆಟ್ ತೆಗೆದಳು. ದಪ್ಪ ಬಟ್ಟೆ, ಗಟ್ಟಿ ಜಿಪ್, ಹೊಸದರ ಹಾಗಿತ್ತು. ತೋಳು ಅರ್ಧ ಇಂಚು ಮಡಿಸಿ ಹೊಲಿದು, ಭುಜ ತಟ್ಟಿ, ಸುತ್ತ ಒಂದು ಸುತ್ತು ತಿರುಗಿ ನೋಡಿದಳು.

"ಟೆಸ್ಟಲ್ಲಿ ಏನ್ ಹೇಳಿದ್ರೂ ಆಯ್ತು ಅನ್ಬೇಡಿ" ಅಂದಳು. "ಗೊತ್ತಿರೋದನ್ನ ಬಾಯಿಬಿಟ್ಟು ಹೇಳಿ."

"ಆಯ್ತು" ಅಂದು ಹೊರಟರು.

ಹನ್ನೊಂದು ಗಂಟೆಗೆ ಫೋನ್ ಬಂತು. ಆಯ್ತಪ್ಪನವರ ಫೋನ್ ಕೆಟ್ಟಿದ್ದರಿಂದ ಅರ್ಜಿಯಲ್ಲಿ ಕೋಣೆಯ ನಂಬರ್ ಬರೆದಿದ್ದೆವು. ಎತ್ತಿಕೊಂಡವಳು ನಾನು. ಸೋಪ್ ಫ್ಯಾಕ್ಟರಿಯ ಆಫೀಸಿನ ಮೇಡಂ.

"ನಿಮ್ ಕಡೆಯಿಂದ ಬರ್ಬೇಕಾಗಿದ್ದ ಫಿಟ್ಟರ್ ಬಂದಿಲ್ಲ. ಮಿಕ್ಕ ನಾಲ್ಕು ಜನರ ಟೆಸ್ಟ್ ನಡೀತಿದೆ. ಹನ್ನೆರಡೂವರೆಗೆ ಲಿಸ್ಟ್ ಕ್ಲೋಸ್ ಮಾಡ್ತೀವಿ."

ಹೇಳಿದ್ದೇ ತಡ, ಅತ್ತೆಯ ಕಾಲು ಪೆಡಲಿನಿಂದ ಇಳಿಯಿತು. ಬಾಗಿಲ ತನಕ ಹೋದಳು, ಬಂದಳು. ಕತ್ತರಿ ಎತ್ತಿದಳು, ಇಟ್ಟಳು. ಮತ್ತೆ ಬಾಗಿಲು.

"ಗೇಟ್ ತನಕ ಹೋಗಿ ವಾಪಸ್ ಬಂದಿರ್ಬೇಕು" ಅಂದಳು. "ಹಾಗೆ ಮಾಡ್ತಾರೆ. ಹೋದ ತಿಂಗಳು ಬಟ್ಟೆ ತಗೊಂಡು ಹೋದ ಆ ಅಡುಗೆಯವರು ಮಾಡ್ಲಿಲ್ವಾ? ಬಸ್ಸಿಳಿದು, ಗೇಟ್ ನೋಡಿ, ಅದೇ ಬಸ್ ಹತ್ತಿದ್ರು."

"ಆಯ್ತಪ್ಪನವರು ಹಂಗಲ್ಲ ಅತ್ತೆ."

"ಯಾರು ಹೆಂಗೆ ಅಂತ ಗೇಟಿನ ಮುಂದೆ ನಿಂತಾಗ್ಲೇ ಗೊತ್ತಾಗೋದು, ನಿಂಗೇನ್ ಗೊತ್ತು?"

ಅವರ ಪಕ್ಕದ ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕೇಳಿದೆವು. ಮನೆಗೆ ಬಂದಿಲ್ಲ. ಬಸ್ ಸ್ಟಾಪಿನ ಪೇಪರ್ ಅಂಗಡಿಯವರಿಗೆ ಮಾಡಿದೆವು. ನೀಲಿ ಜಾಕೆಟ್ಟಿನವರು ಎಂಟೂವರೆಗೇ ಬಸ್ ಹತ್ತಿದರಂತೆ. ಅತ್ತೆ ಕಂಬಿಯ ಮೇಲಿನ ಹ್ಯಾಂಗರ್‌ಗಳನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಿದ್ದಳು.

ಅಷ್ಟರಲ್ಲಿ ಇಸ್ತ್ರಿ ಅಣ್ಣ ಬಂದ. ಮುಂದಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು. ಕೋಣೆಗೆ ಬರುವ ಬಟ್ಟೆಯನ್ನೆಲ್ಲ ಅವನೇ ಪುಕ್ಕಟೆ ಇಸ್ತ್ರಿ ಮಾಡುತ್ತಾನೆ, ಅದಕ್ಕೆ ಬದಲಾಗಿ ಅತ್ತೆಯಿಂದ ಬೈಸಿಕೊಳ್ಳುತ್ತಾನೆ. ಕೈಯಲ್ಲಿ ಇನ್ನೊಂದು ನೀಲಿ ಜಾಕೆಟ್.

"ಅಕ್ಕಾ, ಆ ನೀಲಿ ಲಾಟಲ್ಲಿ ಇದೊಂದು ನಮ್ಮಂಗಡೀಲೇ ಉಳಿದಿತ್ತು. ಇದರ ಬ್ಯಾಡ್ಜ್ ಬಿಚ್ಚಿಲ್ಲ, ಬ್ಲೇಡ್ ಮೊಂಡಾಗೋಯ್ತು."

ಅತ್ತೆ ನಿಂತಳು. "ನೀನ್ಯಾಕೆ ಬ್ಯಾಡ್ಜ್ ಬಿಚ್ಚಿದೆ?"

ಇಲ್ಲಿ ಒಂದು ಮಾತು ಹೇಳಬೇಕು. ಕಂಪನಿಗಳಿಂದ ಬರುವ ಬಟ್ಟೆಯ ಎದೆ ಮೇಲೆ ಕಂಪನಿಯ ಬ್ಯಾಡ್ಜ್ ಹೊಲಿದಿರುತ್ತದೆ. ಅದನ್ನು ಬಿಚ್ಚುವುದು ಅತ್ತೆ ಒಬ್ಬಳೇ. ಮೊದಲು ಯಾವ ಕಂಪನಿಯದು ಎಂದು ಪುಸ್ತಕದಲ್ಲಿ ಬರೆದು, ಒಳಪಟ್ಟಿಯಲ್ಲಿ ಬಣ್ಣದ ದಾರದಿಂದ ಒಂದು ಗುರುತು ಹಾಕಿ, ಆಮೇಲೇ ಬ್ಲೇಡ್ ತೆಗೆಯುತ್ತಾಳೆ. ಯಾಕೆಂದರೆ ಯಾವ ಕಂಪನಿಯ ಬಟ್ಟೆಯೋ ಅದೇ ಕಂಪನಿಗೆ ಕೆಲಸ ಕೇಳಲು ಹೋಗುವವರಿಗೆ ಅದನ್ನು ಕೊಡಬಾರದು. ಅದು ಅವಳ ಕಟ್ಟುನಿಟ್ಟು. ಅವರ ಹಳೇ ಬಟ್ಟೆ ಹಾಕಿಕೊಂಡು ಅವರ ಮುಂದೆಯೇ ನಿಲ್ಲುವುದು ಚೆನ್ನಾಗಿರುವುದಿಲ್ಲ. ಬ್ಯಾಡ್ಜ್ ಇಲ್ಲದೆ ಕೈಗೆ ಬಂದ ನೀಲಿ ಜಾಕೆಟ್‌ಗಳನ್ನು ಅವಳು ಯಾವ ಕಂಪನಿಯದೂ ಅಲ್ಲದ ಸಾದಾ ಬಟ್ಟೆ ಎಂದುಕೊಂಡಿದ್ದಳು.

"ಹೋದ ವಾರ ನೀವೇ ತಾನೇ ಮಂಗಳಾರತಿ ಎತ್ತಿದ್ದು" ಅಂದ ಇಸ್ತ್ರಿ ಅಣ್ಣ. "ಬ್ಯಾಡ್ಜ್ ಸುಟ್ಟು ಬಟ್ಟೆಗೆ ಅಂಟಿಸಿದ್ದೀಯ, ಕಣ್ಣಿಲ್ವಾ ಅಂತ. ಅದಕ್ಕೆ ಈ ಸಲ ಬಿಚ್ಚಿಯೇ ಇಸ್ತ್ರಿ ಮಾಡ್ದೆ. ಇದೊಂದು ಬಿಟ್ಟು ಮಿಕ್ಕ ಹತ್ತೂ ಜಾಕೆಟ್‌ದೂ. ಒಂದು ದಾರ ಬಿಟ್ಟಿಲ್ಲ, ಗುರುತೇ ಕಾಣಲ್ಲ ನೋಡಿ."

ಅತ್ತೆ ಅವನ ಕೈಯಿಂದ ಜಾಕೆಟ್ ಕಿತ್ತುಕೊಂಡು ಎದೆಯ ಮೇಲಿನ ಬ್ಯಾಡ್ಜ್ ನೋಡಿದಳು. ನನ್ನ ಕಡೆಗೆ ತಿರುಗಿಸಿದಳು. ಸೋಪ್ ಫ್ಯಾಕ್ಟರಿಯದು.

"ಗಾಡಿ ತೆಗಿ" ಅಂದಳು.

"ಎಲ್ಲಿಗಕ್ಕ? ಹೋಟೆಲಿನ ಬೆಡ್‌ಶೀಟ್ ಡೆಲಿವರಿ ಇದೆ."

"ಬೆಡ್‌ಶೀಟ್ ಮೇಲೆ ಮಲಗೋದು ರಾತ್ರಿ ತಾನೇ, ಆಮೇಲೆ ಕೊಟ್ರಾಯ್ತು. ತೆಗಿ."

ಲಾಂಡ್ರಿಯ ವ್ಯಾನಿನಲ್ಲಿ ಮುಂದೆ ಅವರಿಬ್ಬರು, ಹಿಂದೆ ಬೆಡ್‌ಶೀಟ್ ಗಂಟುಗಳ ಮೇಲೆ ನಾನು. ದಾರಿಯುದ್ದಕ್ಕೂ ಜಗಳ. ಪ್ರತಿ ಸಿಗ್ನಲ್ಲಿನಲ್ಲೂ ಅತ್ತೆ ಡ್ಯಾಶ್‌ಬೋರ್ಡ್ ಮೇಲೆ ಬೆರಳು ಬಡಿಯುವುದು, "ನೀವು ಬಡಿದ್ರೆ ಕೆಂಪು ಹಸಿರಾಗಲ್ಲ ಅಕ್ಕ" ಅಂತ ಅವನು. "ಅವ್ರ ಬಟ್ಟೇನ ಅವ್ರೇ ನೋಡಿದ್ರೆ ಏನಾಯ್ತೀಗ? ಹೊಡಿತಾರಾ?" ಎಂದೂ ಕೇಳಿದ. ಅತ್ತೆ ಮತ್ತೆ ಬೆರಳು ಬಡಿದಳು. ಆ ಜಾಕೆಟ್ಟಿನಿಂದಲೇ ಏನೋ ಎಡವಟ್ಟಾಗಿದೆ ಎಂದು ಮಾತ್ರ ಅವಳಿಗೆ ಗೊತ್ತಿತ್ತು. ಹನ್ನೊಂದು ಐವತ್ತು.

ಫ್ಯಾಕ್ಟರಿಯ ಗೇಟಿಗೆ ಎರಡು ಫರ್ಲಾಂಗ್ ಇರುವಾಗಲೇ ಸೋಪಿನ ವಾಸನೆ. ಗೇಟಿನ ಕಾವಲಿನವನು ಗಾಜಿನ ಗೂಡಿನಿಂದ ಕುತ್ತಿಗೆ ಹೊರಹಾಕಿದ.

"ಫಿಟ್ಟರ್ ಟೆಸ್ಟಿಗೆ ನಾಲ್ಕೇ ಜನ ಬಂದಿದ್ದು. ಐದನೆಯವರು ಬಂದಿಲ್ಲ."

"ನೀಲಿ ಜಾಕೆಟ್ ಹಾಕಿದ್ರು. ಎತ್ತರದವರು, ಸ್ವಲ್ಪ ಬಗ್ಗಿ ನಡೀತಾರೆ."

"ನೀಲಿನಾ?" ಅವನು ನಕ್ಕ. "ನೀಲಿ ಅಂದ್ರೆ ಲೋಡಿಂಗ್‌ನವರಮ್ಮ. ಕಂಪನಿಯವರಿಗೆಲ್ಲ ಈಗ ಹಸಿರು ಕೊಟ್ಟಿದಾರೆ. ಹಳೇ ನೀಲಿ ಜಾಕೆಟ್‌ಗಳ ಬ್ಯಾಡ್ಜ್ ತೆಗೆದು ಕಂಟ್ರಾಕ್ಟ್ ಕೂಲಿಯವರಿಗೆ ಕೊಟ್ಟಿದಾರೆ. ಬ್ಯಾಡ್ಜ್ ಇಲ್ದಿರೋ ನೀಲಿ ಒಳಗಡೆ ಮೂವತ್ತು ಜನ ಇದಾರೆ."

"ಬೆಳಗ್ಗೆ ಒಬ್ಬರು ಈ ಗೇಟಿಗೆ ಬಂದ್ರಾ?"

"ಬಂದ. ಒಂಬತ್ತೂ ಮುಕ್ಕಾಲಿಗೆ. ನಿಂತ್ಕೊಂಡು ನೋಡ್ತಿದ್ದ. ಇದಲ್ಲಪ್ಪ, ಪಕ್ಕದ ಗೇಟು, ಲಾರಿ ಬಂದು ಎಷ್ಟೊತ್ತಾಯ್ತು, ಬೇಗ ಹೋಗು ಅಂದೆ."

"ಅವರೇನಂದ್ರು?"

"ಆಯ್ತು ಅಂದ."

ಅತ್ತೆ ಕಣ್ಣು ಮುಚ್ಚಿ ತೆರೆದಳು. ಇಸ್ತ್ರಿ ಅಣ್ಣ ಕೆಮ್ಮಿ ಬೇರೆ ಕಡೆ ನೋಡಿದ.

ಪಕ್ಕದ ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಒಳಗೆ ಉದ್ದನೆಯ ಕಟ್ಟೆ, ಅದಕ್ಕೆ ಬೆನ್ನು ಕೊಟ್ಟು ನಿಂತ ಲಾರಿ, ಕಟ್ಟೆಯಿಂದ ಲಾರಿಗೆ ಸಾಲಾಗಿ ಹೋಗಿಬರುವ ನೀಲಿ ಜಾಕೆಟ್‌ಗಳು. ಎಲ್ಲರ ಭುಜದ ಮೇಲೂ ಸೋಪಿನ ಪೆಟ್ಟಿಗೆ. ಆ ಸಾಲಿನಲ್ಲಿ ಏಳನೆಯವರು ಆಯ್ತಪ್ಪನವರು. ಅತ್ತೆ ಮಡಿಸಿ ಹೊಲಿದಿದ್ದ ತೋಳಿನ ಮೇಲೆ ಸೋಪಿನ ಪುಡಿ ಅಂಟಿತ್ತು. ಮುಖದ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಏನ್ ಮಾಡ್ತಿದೀರಾ?" ಅಂದಳು ಅತ್ತೆ.

ಅವರು ಪೆಟ್ಟಿಗೆ ಇಳಿಸಲಿಲ್ಲ. "ಟೆಸ್ಟ್ ನಡೀತಿದೆ ಅಕ್ಕ. ಅರ್ಧ ಲಾರಿ ಬಾಕಿ ಇದೆ."

"ಫಿಟ್ಟರ್ ಟೆಸ್ಟಿಗೆ ಸೋಪ್ ಹೊರಿಸ್ತಾರೇನ್ರೀ?"

"ಮೊದ್ಲು ತಾಕತ್ತು ನೋಡ್ತಾರೇನೋ ಅಂದ್ಕೊಂಡೆ. ಬೇರೆಯವರೂ ಹೊರ್ತಾ ಇದ್ರು. ಇಷ್ಟೊಂದು ಜನ ಫಿಟ್ಟರ್‌ಗಳು ಬಂದಿದಾರಲ್ಲ, ಸೋಲಬಾರ್ದು ಅಂತ..." ಮಾತು ಅಲ್ಲಿಗೇ ನಿಂತಿತು. ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಫ್ಯಾಕ್ಟರಿಯ ಪತ್ರ ಇನ್ನೂ ಜೇಬಿನಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ. ಯಾರೂ ಕೇಳಿರಲಿಲ್ಲ, ಇವರು ತೋರಿಸಿರಲಿಲ್ಲ.

ಲೋಡಿಂಗ್ ಮೇಸ್ತ್ರಿ ಬಂದ. ಎಲ್ಲ ಕೇಳಿ ತಲೆ ಕೆರೆದುಕೊಂಡ. "ನಾನೂ ಅದೇ ನೋಡ್ತಿದ್ದೆ, ಯಾರಪ್ಪ ಇವನು, ಬೀಡಿಗೂ ನಿಲ್ಲಲ್ಲ ಅಂತ. ನೂರೈವತ್ತು ಪೆಟ್ಟಿಗೆ ಮೇಲೆ ಹೊತ್ತಿದಾನೆ. ನೋಡಪ್ಪ, ಆ ಕೆಲಸ ಸಿಗುತ್ತೋ ಬಿಡುತ್ತೋ. ನಾಳೆಯಿಂದ ಇಲ್ಲಿಗೇ ಬಂದ್ಬಿಡು. ಖಾಯಂ ಇಟ್ಕೋತೀನಿ. ಏನಂತೀಯ?"

ಆಯ್ತಪ್ಪನವರ ಬಾಯಿ ತೆರೆಯಿತು. ಆ ಮಾತು ನಾಲಿಗೆಯ ತುದಿಗೆ ಬಂದಿದ್ದು ನನಗೇ ಕಾಣುತ್ತಿತ್ತು. ಹನ್ನೊಂದು ತಿಂಗಳ ಮೇಲೆ ಮೊದಲ ಸಲ ಒಬ್ಬ ಮನುಷ್ಯ ನಾಳೆಯಿಂದ ಬಾ ಅಂದಿದ್ದ.

ಅತ್ತೆ ಇಬ್ಬರ ನಡುವೆ ನಿಂತುಬಿಟ್ಟಳು. "ಅವರಿಗೆ ಹನ್ನೆರಡೂವರೆ ತನಕ ಪುರುಸೊತ್ತಿಲ್ಲ" ಅಂದಳು.

ಹನ್ನೆರಡು ಇಪ್ಪತ್ತೆಂಟಕ್ಕೆ ನಾವು ಆಫೀಸಿನ ಮೆಟ್ಟಿಲು ಹತ್ತಿದೆವು. ಮೇಡಂ ಫೈಲಿಗೆ ದಾರ ಕಟ್ಟುತ್ತಿದ್ದರು. ಪಕ್ಕದಲ್ಲಿ ಟೆಸ್ಟ್ ತೆಗೆದುಕೊಳ್ಳುವ ಮೇಂಟೆನೆನ್ಸ್‌ನ ಹಿರಿಯರು ಊಟದ ಡಬ್ಬಿ ಕೈಗೆತ್ತಿಕೊಂಡಿದ್ದರು.

"ಟೈಮ್ ಆಯ್ತು" ಅಂದರು ಮೇಡಂ. "ಎರಡೂವರೆ ಗಂಟೆ ಲೇಟಾಗಿ ಬಂದವರನ್ನ ತಗೊಂಡ್ರೆ ಮಿಕ್ಕವರು ಕೇಳಲ್ವಾ?"

"ಇವರು ಲೇಟಾಗಿಲ್ಲ. ಕಾಲು ಗಂಟೆ ಮುಂಚೆ ಬಂದು ನಿಮ್ ಸೋಪ್ ಹೊರ್ತಾ ಇದ್ರು." ಅತ್ತೆ ಎರಡು ಜಾಕೆಟ್ಟನ್ನೂ ತೋರಿಸಿದಳು, ಕೈಯಲ್ಲಿದ್ದದ್ದನ್ನು, ಅವರ ಮೈಮೇಲಿದ್ದದ್ದನ್ನು. "ಬ್ಯಾಡ್ಜ್ ಬಿಚ್ಚಿದ್ದು ನಮ್ ತಪ್ಪು, ಒಪ್ಕೋತೀನಿ. ಆದ್ರೆ ಬಟ್ಟೆ ನಿಮ್ದು, ಗೇಟು ನಿಮ್ದು, ಪಕ್ಕಕ್ಕೆ ಕಳಿಸಿದವನು ನಿಮ್ಮವನು. ದಾರಿ ತಪ್ಪಿದ ಮನುಷ್ಯ ಮಾತ್ರ ನನ್ನವನಾ?"

ಮೇಡಂ ಹಿರಿಯರ ಮುಖ ನೋಡಿದರು. ಹಿರಿಯರು ಆಯ್ತಪ್ಪನವರ ಕೈ ನೋಡುತ್ತಿದ್ದರು. ಅವು ನಡುಗುತ್ತಿದ್ದವು.

"ಈ ಕೈಯಲ್ಲಿ ಏನ್ ಮಾಡ್ತೀಯಪ್ಪ?" ಅಂದರು. "ಇರ್ಲಿ. ನನ್ ಊಟ ಆಗೋ ತನಕ ಕೈ ಸುಧಾರಿಸ್ಕೊ, ಆಮೇಲೆ ಟೆಸ್ಟ್. ಅರ್ಧ ಗಂಟೆ."

ಆ ಅರ್ಧ ಗಂಟೆ ಇದೆಯಲ್ಲ, ಅದು ಮುಗಿಯಲೇ ಇಲ್ಲ. ವರ್ಕ್‌ಶಾಪಿನ ಹೊರಗಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಆಯ್ತಪ್ಪನವರ ಎರಡೂ ಕೈಗಳನ್ನು ಮೊಣಕೈ ತನಕ ಅದರಲ್ಲಿ ಅದ್ದಿಸಿದಳು ಅತ್ತೆ. ಇಸ್ತ್ರಿ ಅಣ್ಣ ಅವರ ಭುಜ ಒತ್ತಿದ. "ದಿನಾ ಇಸ್ತ್ರಿ ಮಾಡಿ ನನ್ ತೋಳೂ ಹಿಂಗೇ ಆಗುತ್ತೆ, ಇಲ್ಲಿ ಒತ್ತಿದ್ರೆ ಬಿಡುತ್ತೆ." ಆಯ್ತಪ್ಪನವರು ಕಣ್ಣು ಮುಚ್ಚಿ ಕೂತಿದ್ದರು. ಅತ್ತೆ ನಲ್ಲಿಯಿಂದ ಬಾಗಿಲಿಗೆ, ಬಾಗಿಲಿಂದ ನಲ್ಲಿಗೆ.

ಟೆಸ್ಟ್ ಏನೆಂದರೆ, ಮೇಜಿನ ಮೇಲೆ ಒಂದು ಗೇರ್‌ಬಾಕ್ಸ್. ಬಿಚ್ಚಿ, ಸವೆದ ಬೇರಿಂಗ್ ತೆಗೆದು, ಹೊಸದು ಕೂರಿಸಿ, ಅದು ಜಾರದ ಹಾಗೆ ಒಂದು ಸ್ಪ್ರಿಂಗ್ ಉಂಗುರ ಹಾಕಿ ಮುಚ್ಚಬೇಕು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಬಿಚ್ಚಿದ್ದು ಸರಿಯಾಯಿತು. ಬೇರಿಂಗ್ ಕೂತಿತು. ಉಂಗುರ ಹಾಕುವಾಗ ಕೈ ಅಲುಗಿ, ಅದು ಇಕ್ಕಳದಿಂದ ಚಿಮ್ಮಿ, ಟಣ್ ಎಂದು ಎಲ್ಲೋ ಮೇಜಿನ ಕೆಳಗೆ ಹೋಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಆ ಉಗುರಿನ ಗುರುತು ಮಾರನೇ ದಿನವೂ ಇತ್ತು.

ಆಯ್ತಪ್ಪನವರು ಮಂಡಿಯೂರಿ ಹುಡುಕಿದರು. ಸಿಕ್ಕಿತು. ಒರೆಸಿದರು. ಎರಡನೇ ಸಲ ಕೂರಲಿಲ್ಲ. ಮೂರನೇ ಸಲ ಮೊಣಕೈಗಳನ್ನು ಮೇಜಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಕೂರಿಸಿದರು. ಹಿರಿಯರು ಶಾಫ್ಟ್ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ, ಪುಸ್ತಕದಲ್ಲಿ ಏನೋ ಬರೆದರು. "ತಿಳಿಸ್ತೀವಿ" ಅಂದರು ಅಷ್ಟೇ.

ಆಮೇಲಿನ ನಾಲ್ಕು ದಿನ ನಮ್ಮ ಕೋಣೆಯಲ್ಲಿ ಯಾರಾದರೂ ಇದ್ದಿದ್ದರೆ ತಲೆ ತಿರುಗುತ್ತಿತ್ತು. ಫೋನ್ ಬಡಿದರೆ ಅತ್ತೆ ಹೊಲಿಗೆ ನಡುವೆ ಬಿಟ್ಟು ಬರುವಳು. ಯಾರೋ ಕೋಟು ಕೊಡುವವರು. ಮತ್ತೆ ಬಡಿದರೆ ರಾಂಗ್ ನಂಬರ್. ಬ್ಯಾಡ್ಜ್ ಬಿಚ್ಚಿದ ಮಿಕ್ಕ ಒಂಬತ್ತು ನೀಲಿ ಜಾಕೆಟ್‌ಗಳನ್ನು ಹಿಡಿದು ಒಳಪಟ್ಟಿಯಲ್ಲಿ ದಾರದ ಗುರುತು ಹಾಕಿದಳು, ಸಾಲದೆ ಇನ್ನೊಮ್ಮೆ ಹಾಕಿದಳು. ಇಸ್ತ್ರಿ ಅಣ್ಣ ಬಾಗಿಲಲ್ಲೇ ನಿಂತು ಗಂಟು ಒಳಗೆ ತಳ್ಳಿ ಹೋಗುತ್ತಿದ್ದ. ಮೂರನೇ ದಿನ ಅತ್ತೆಯೇ ಕರೆದಳು.

"ಒಳಗೆ ಬಾರೋ. ಬೈದಿದ್ದು ನಾನೇ, ಬಿಚ್ಚಿದ್ದು ನೀನು. ಅರ್ಧರ್ಧ ಹಂಚ್ಕೊಳೋಣ."

"ಕೆಲಸ ಸಿಗ್ಲಿಲ್ಲ ಅಂದ್ರೆ ಅಕ್ಕ?"

ಅತ್ತೆ ಮಿಷನ್ ತುಳಿದಳು.

ಐದನೇ ದಿನ ಬೆಳಗ್ಗೆ ಎಂಟಕ್ಕೆ ಫೋನ್. ಅತ್ತೆಯೇ ಎತ್ತಿ ಸ್ಪೀಕರ್‌ಗೆ ಹಾಕಿದಳು. ಸೋಪ್ ಫ್ಯಾಕ್ಟರಿಯ ಗೇಟಿನ ಕಾವಲಿನವನು.

"ಅಮ್ಮ, ನಿಮ್ ನಂಬರ್ ಪುಸ್ತಕದಲ್ಲಿತ್ತು, ಅದಕ್ಕೆ ಮಾಡ್ದೆ. ಇಲ್ಲೊಬ್ರು ಬಿಳಿ ಅಂಗಿ ಹಾಕ್ಕೊಂಡು ಬಂದು ನಿಂತಿದಾರೆ. ಇವತ್ತಿಂದ ಫಿಟ್ಟರ್ ಅಂತಾರೆ. ಮನೆಗೆ ಪತ್ರ ಬಂದಿದೆಯಂತೆ, ತೋರಿಸ್ತಿದಾರೆ. ನನ್ ಲಿಸ್ಟಲ್ಲಿ ಇನ್ನೂ ಹೆಸರು ಬಂದಿಲ್ಲ. ಅವತ್ತಿನವರೇನಾ ಇವ್ರು? ಆಫೀಸ್ ತೆರೆಯೋ ತನಕ ಪಕ್ಕದ ಗೇಟಿಂದ ಹೋಗಿ ಅಂದೆ."

"ಏನಂದ್ರು?" ಅತ್ತೆಯ ಧ್ವನಿ ಸಣ್ಣಗಾಗಿತ್ತು.

"ಆಗಲ್ಲ ಅಂತಾರಮ್ಮ. ಈ ಗೇಟಿಂದಾನೇ ಹೋಗ್ತೀನಿ, ಕಾಯ್ತೀನಿ ಅಂತ ನಿಂತ್ಬಿಟ್ಟಿದಾರೆ."

"ಆಗಲ್ಲ ಅಂದ್ರಾ?"

"ಹೂಂನಮ್ಮ. ಎರಡು ಸಲ."

ಅತ್ತೆ ಫೋನ್ ನನ್ನ ಕೈಗೆ ಕೊಟ್ಟಳು. "ಅವರೇ ಅಂತ ಹೇಳು" ಅಂದಳು. ಆಮೇಲೆ ಮಿಷನ್ ಮುಂದಿನ ಆ ಕುರ್ಚಿ ಎಳೆದುಕೊಂಡು ಕೂತಳು. ಪೂರ್ತಿ ಬೆನ್ನು ಒರಗಿಸಿ, ಎರಡೂ ಪಾದ ನೆಲದ ಮೇಲೆ ಊರಿ. ನಾನು ಮಾವನಿಗೆ ತೋರಿಸೋಣವೆಂದು ಫೋಟೋ ತೆಗೆಯಲು ಹೋದೆ. ಅಷ್ಟರಲ್ಲಿ ಹೊಸ್ತಿಲ ಹೊರಗೆ ಯಾರೋ ಬಂದು ನಿಂತು ಬೀದಿ ನೋಡತೊಡಗಿದರು. ಅತ್ತೆ ಎದ್ದುಬಿಟ್ಟಳು. ಫೋಟೋ ಅಲ್ಲಾಡಿಹೋಯಿತು.

"ಸ್ವಲ್ಪ ಆ ಪೆಟ್ಟಿಗೆ ಇಳಿಸಿ ಕೊಡ್ತೀರಾ?" ಅಂದಳು.